ಮನೆಯಿಲ್ಲದವರ ಬೀಡಿಗೆ ಇಟ್ಟ ಹೆಸರುಗಳು

ಹೆಸರಿಡುವುದೂ ಒಂದು ಕವಿಕರ್ಮವೇ. ಕವಿಯು ಹಲವು ಮಾತುಗಳಿಂದ ಸಾಧಿಸುವುದನ್ನು ಹೆಸರಿಡುವವನು ಒಂದೆರಡು ಮಾತುಗಳಲ್ಲಿ ಸಾಧಿಸಬೇಕಾಗುವುದು. ಹೀಗಿದ್ದರೂ ಹೆಸರುಗಳನ್ನು ಕಾವ್ಯದಂತೆ ಎತ್ತಿಕೊಂಡು ಗುಣದೋಷವಿಚಾರ ಮಾಡುವ ವಾಡಿಕೆ ವಿಮರ್ಶಕರಲ್ಲಿ ಕಡಿಮೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ವಾಯವ್ಯ ಭಾಗದ ಸಿಯಾಟಲ್, ಪೋರ್ಟ್‌ಲೆಂಡ್, ಒಲಿಂಪಿಯಾ ಮೊದಲಾದ ನಗರಗಳಲ್ಲಿ ಮನೆಯಿಲ್ಲದ ಜನರು ಸ್ವಯಂಸೇವಕರ ಕೈನೆರವಿನಿಂದ ಗುಡಾರಗಳನ್ನು ಹೂಡಿ, ತಮಗೆ ತಾವೇ ಕಟ್ಟಳೆಗಳನ್ನು ಮಾಡಿಕೊಂಡು, ತಮ್ಮ ಬೀಡುಗಳಿಗೆ ಇಟ್ಟಿರುವ ಹೆಸರುಗಳು ಅಂಥ ವಿಚಾರಕ್ಕೆ ಯೋಗ್ಯವಾಗಿವೆ. ಅವುಗಳಲ್ಲಿ ನಿಂದೆಯುಂಟು, ಶ್ಲೇಷೆಯುಂಟು, ಒಂದರಲ್ಲಂತೂ ಮಹಾಗ್ರಂಥವೊಂದರ ಧ್ವನಿಯೇ ಉಂಟು. ಹೆಸರನ್ನು ಸರಿಯಾಗಿ ಓದಿದವರು ಆ ಜನರಿಗೆ ಏನು ಸಲ್ಲಬೇಕೆಂಬುದನ್ನು ತಿಳಿಯುವರು. ತಪ್ಪಾಗಿ ಓದಿದವರು ಗುಡಾರವನ್ನೇ ಮನೆಯೆಂದು ಎಣಿಸಿ ಸುಮ್ಮನಾಗುವರು. ಆದುದರಿಂದ ಈ ವಿಚಾರವು ಬರಿಯ ಶಬ್ದವಿನೋದವಲ್ಲ.

ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಮೂರು ವೃತ್ತಿಗಳನ್ನು ಆಲಂಕಾರಿಕರು ಹೇಳಿರುವರು. ಇವನ್ನು ಬೋಧಿಸುವಾಗ ಪಾಠಶಾಲೆಗಳಲ್ಲಿ ಕೊಡುವ ಚಿರಪರಿಚಿತವಾದ ಉದಾಹರಣೆಯು ಗಂಗೆಯಲ್ಲಿರುವ ಗೊಲ್ಲರ ಹಟ್ಟಿಯದು. ಪ್ರವಾಹದ ಮೇಲೆ ಹಟ್ಟಿಯು ನಿಲ್ಲಲಾರದು. ಆದಕಾರಣ ಗಂಗೆಯೆಂಬ ಮಾತಿಗೆ ಗಂಗೆಯ ದಡವೆಂದು ಅರ್ಥ ಮಾಡಬೇಕು. ದಡವೆಂದು ನೇರವಾಗಿ ಹೇಳದೆ ಗಂಗೆಯೆಂದುದರಿಂದ ಆ ಹಟ್ಟಿಯ ತಂಪೂ ಪಾವಿತ್ರ್ಯವೂ ವ್ಯಂಗ್ಯವಾಗಿ ಹೊಳೆಯುವುವು. ಶಬ್ದದ ಶಕ್ತಿಯನ್ನು ತೋರಿಸಲು ಶಾಸ್ತ್ರಕಾರರು ಅರಮನೆಯ ಹೆಸರನ್ನು ಆರಿಸಿಕೊಳ್ಳದೆ ಬಡವರ ವಸತಿಯೊಂದನ್ನು ಆರಿಸಿಕೊಂಡುದು ಪ್ರಕೃತ ವಿಷಯಕ್ಕೆ ಅನುಕೂಲವೇ ಆಗಿದೆ.

ಇನ್ನೊಂದು ಭೇದವನ್ನೂ ಮೊದಲೇ ನೆನೆಯುವುದು ಯುಕ್ತ. ಮುಖವನ್ನು ಚಂದ್ರನೆಂದು ಕರೆಯುವವನಿಗೆ ಅದು ಮುಖವೆಂಬ ಅರಿವು ಉಂಟು, ಇದು ರೂಪಕ. ಮುಖವನ್ನೇ ನಿಜವಾಗಿ ಚಂದ್ರನೆಂದು ತಿಳಿದು ಬೆಳುದಿಂಗಳಿಗೆ ಬಾಯ್ದೆರೆಯುವ ಚಕೋರಕ್ಕೆ ಆ ಅರಿವಿಲ್ಲ; ಇದು ಭ್ರಾಂತಿಮದಲಂಕಾರ. ಎರಡರಲ್ಲಿಯೂ ಸಾದೃಶ್ಯವೇ ಮೂಲವಾದರೂ, ಒಂದರಲ್ಲಿ ಭೇದಜ್ಞಾನ ಉಳಿದಿದೆ, ಮತ್ತೊಂದರಲ್ಲಿ ಅಳಿದಿದೆ. ಗುಡಾರಗಳ ಸಾಲನ್ನು ಗ್ರಾಮವೆಂದು ಕರೆಯುವುದು ರೂಪಕವಾಗಿ ನಿಂತಿರುವವರೆಗೆ ಲೇಸು. ಭ್ರಾಂತಿಯಾಗಿ ಇಳಿದರೆ ಕೇಡು. ಈ ಒರೆಗಲ್ಲಿನ ಮೇಲೆ ಹೆಸರುಗಳನ್ನು ಒಂದೊಂದಾಗಿ ಉಜ್ಜಿ ನೋಡಬಹುದು.

ಇವೆಲ್ಲಕ್ಕೂ ಹಿರಿಯ ಹೆಸರು ಹೂವರ್‌ವಿಲ್. ೧೯೨೯ರಿಂದ ೧೯೩೩ರವರೆಗೆ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರರ ಕಾಲದಲ್ಲಿ ಉದ್ಯೋಗ ಕಳೆದುಕೊಂಡವರು ನಗರಗಳ ಅಂಚಿನಲ್ಲಿ ಹಲಗೆ ತಗಡುಗಳಿಂದ ಕಟ್ಟಿಕೊಂಡ ಗುಡಿಸಲುಗಳ ಗುಂಪಿಗೆ ದೇಶದಾದ್ಯಂತ ಈ ಹೆಸರು ನಿಂತಿತು. ಇದನ್ನು ಹುಟ್ಟಿಸಿದ ಖ್ಯಾತಿಯು ಡೆಮೊಕ್ರಾಟಿಕ್ ಪಕ್ಷದ ಪ್ರಚಾರಾಧಿಕಾರಿಯಾಗಿದ್ದ ಚಾರ್ಲ್ಸ್ ಮೈಕೆಲ್ಸನ್ನರಿಗೆ ಸಲ್ಲುವುದು. 'ವಿಲ್' ಎಂಬುದು ಊರನ್ನು ಸೂಚಿಸುವ ಪ್ರತ್ಯಯ. ಮಹಾಪುರುಷರ ಹೆಸರಿನಲ್ಲಿ ಊರುಗಳು ಸ್ಥಾಪಿತವಾಗುವ ಪದ್ಧತಿಯುಂಟಷ್ಟೆ. ಇಲ್ಲಿ ಹೊರಗೆ ತೋರುವುದು ಆ ಸ್ತುತಿ, ಒಳಗೆ ಇರುವುದು ನಿಂದೆ. ವ್ಯಾಜಸ್ತುತಿಗೆ ಇದಕ್ಕಿಂತ ಚಿಕ್ಕದಾದ ಉದಾಹರಣೆ ದೊರೆಯುವುದು ಕಷ್ಟ. ಮೈಮೇಲೆ ಹೊದೆದ ಹಳೆಯ ವೃತ್ತಪತ್ರಿಕೆಗೆ ಹೂವರ್ ಕಂಬಳಿಯೆಂದೂ, ಕಾಸಿಲ್ಲದೆ ಹೊರಕ್ಕೆ ಎಳೆದ ಜೇಬಿಗೆ ಹೂವರ್ ಬಾವುಟವೆಂದೂ ಹೆಸರಾದುವು.

ಸಿಯಾಟಲಿನ ಹೂವರ್‌ವಿಲ್ ೧೯೩೧ರಲ್ಲಿ ಕಡಲಂಚಿನ ಹಳೆಯ ಹಡಗುಕಟ್ಟೆಯ ನೆಲದಲ್ಲಿ ಎದ್ದಿತು. ನಗರದ ಅಧಿಕಾರಿಗಳು ಅದನ್ನು ಎರಡು ಸಲ ಸುಡಿಸಿದರು. ನಿವಾಸಿಗಳು ಮತ್ತೆ ಕಟ್ಟಿದರು. ೧೯೩೪ರ ಮಾರ್ಚಿಯಲ್ಲಿ ಎಣಿಸಿದಾಗ ೪೭೯ ಗುಡಿಸಲುಗಳಲ್ಲಿ ೬೩೯ ಜನರಿದ್ದರು. ಅವರಲ್ಲಿ ಏಳು ಮಂದಿ ಮಾತ್ರ ಸ್ತ್ರೀಯರು. ಮರ ಕಡಿಯುವ ಕೆಲಸ ಹೋಗಿ ಬಂದಿದ್ದ ಜೆಸ್ಸಿ ಜಾಕ್ಸನ್ ಎಂಬಾತನನ್ನು ಜನರು ತಮ್ಮ ಮೇಯರೆಂದು ಕರೆದರು. ಹೂವರರು ಪದವಿಯನ್ನು ಬಿಟ್ಟುದು ೧೯೩೩ರಲ್ಲಿ. ಈ ಬೀಡು ಕೆಡವಲ್ಪಟ್ಟುದು ೧೯೪೧ರಲ್ಲಿ. ನಿಂದೆಗೆ ಗುರಿಯಾದವರು ಹೋದ ಮೇಲೂ ಎಂಟು ವರ್ಷ ಗುಡಿಸಲುಗಳು ಉಳಿದುವು. ಈ ಬಗೆಯ ಹೆಸರಿನ ಮಿತಿಯು ಇಲ್ಲಿಯೇ ತಿಳಿಯುವುದು. ನಿಂದೆಯ ಬಾಣ ಒಬ್ಬನಿಗೆ ನಾಟುವುದು. ದಾರಿದ್ರ್ಯವಾದರೋ ಒಬ್ಬನಿಂದ ಬಂದುದಲ್ಲ, ಒಬ್ಬನ ಪತನದಿಂದ ಹೋಗತಕ್ಕುದೂ ಅಲ್ಲ.

ಅದೇ ನಗರದಲ್ಲಿ ೨೦೦೮ರ ಸೆಪ್ಟೆಂಬರಿನಲ್ಲಿ ಇದೇ ಅಚ್ಚಿನ ಇನ್ನೊಂದು ಹೆಸರು ಹುಟ್ಟಿತು. ಆಗಿನ ಮೇಯರ್ ಗ್ರೆಗ್ ನಿಕಲ್ಸರ ಆಡಳಿತವು ಅಲ್ಲಲ್ಲಿ ಮಲಗಿದ್ದವರ ಬಿಡಾರಗಳನ್ನು ಕೀಳಿಸುತ್ತಿದ್ದುದಕ್ಕೆ ಪ್ರತಿಯಾಗಿ, ಮನೆಯಿಲ್ಲದವರೂ ಅವರ ಬೆಂಬಲಿಗರೂ ಗುಲಾಬಿ ಬಣ್ಣದ ಗುಡಾರಗಳನ್ನು ಹೂಡಿ, ಆ ಬೀಡನ್ನು ನಿಕಲ್ಸ್‌ವಿಲ್ ಎಂದು ಕರೆದರು. ಕೆಲವೇ ದಿನಗಳಲ್ಲಿ ಅದನ್ನು ಎಬ್ಬಿಸಲಾಯಿತು. ಬೀಡು ಸ್ಥಳದಿಂದ ಸ್ಥಳಕ್ಕೆ ಸಾಗಿತು. ನಿಕಲ್ಸರು ೨೦೦೯ರ ಚುನಾವಣೆಯಲ್ಲಿ ಮೊದಲ ಸುತ್ತಿನಲ್ಲಿಯೇ ಸೋತರು, ಹೆಸರು ಉಳಿಯಿತು. ಹಳೆಯ ಅಚ್ಚಿನಲ್ಲಿ ಹೊಯ್ದುದರಿಂದ ಇದರಲ್ಲಿ ನವೀನತೆ ಕಡಿಮೆಯಾದರೂ ಒಂದು ಗುಣ ಹೆಚ್ಚಾಗಿದೆ: ಕೇಳಿದವನಿಗೆ ಹೂವರ್‌ವಿಲ್ ತಾನಾಗಿ ನೆನಪಾಗುವುದು. ಮುಕ್ಕಾಲು ಶತಮಾನ ಕಳೆದರೂ ಆ ನಗರ ಅಲ್ಲಿಯೇ ನಿಂತಿದೆಯೆಂಬ ವ್ಯಂಗ್ಯವು ಆ ಸ್ಮರಣೆಯಿಂದಲೇ ಬಂದುದು. ಇದೇ ಪ್ರದೇಶದ ಬೇರೆ ಬೀಡುಗಳಿಗೆ ಟೆಂಟ್ ಸಿಟಿ ಮೂರು, ಟೆಂಟ್ ಸಿಟಿ ನಾಲ್ಕು ಎಂದು ಅಂಕಿಗಳೇ ಹೆಸರಾದುವು. ಅವು ಚರ್ಚುಗಳ ಅಂಗಳಗಳಲ್ಲಿ ವರುಷಗಟ್ಟಲೆ ಜನರಿಗೆ ಆಶ್ರಯವನ್ನಿತ್ತುವು. ೨೦೦೫ರಲ್ಲಿ ಸಿಯಾಟಲ್ ವಿಶ್ವವಿದ್ಯಾನಿಲಯವೂ ಒಂದಕ್ಕೆ ಎಡೆಗೊಟ್ಟಿತು. ಅವುಗಳ ಉಪಕಾರ ದೊಡ್ಡದು. ಆದರೆ ಅಂಕಿಯ ಹೆಸರಿನಲ್ಲಿ ರಸವನ್ನು ಹುಡುಕುವುದು ವ್ಯರ್ಥ.

ಪೋರ್ಟ್‌ಲೆಂಡಿನ ಬೀಡು ನಿಂದೆಯ ದಾರಿಯನ್ನು ಬಿಟ್ಟಿತು. ೨೦೦೦ದ ಡಿಸೆಂಬರಿನಲ್ಲಿ ಕೆಲವೇ ಗುಡಾರಗಳಿಂದ ಆರಂಭವಾಗಿ, ಎಬ್ಬಿಸಿದಾಗಲೆಲ್ಲ ಸಾಮಾನುಗಳನ್ನು ಅಂಗಡಿಯ ತಳ್ಳುಗಾಡಿಗಳಲ್ಲಿ ಹೇರಿಕೊಂಡು ಬೀದಿಯಲ್ಲಿ ಮೆರವಣಿಗೆಯಾಗಿ ಸಾಗುತ್ತಿದ್ದ ಆ ಜನರು, ತಮ್ಮ ನೆಲೆಯನ್ನು ಮೊದಲು ಕ್ಯಾಂಪ್ ಡಿಗ್ನಿಟಿ ಎಂದೂ ಆಮೇಲೆ ಡಿಗ್ನಿಟಿ ವಿಲೇಜ್ ಎಂದೂ ಕರೆದರು. 'ಮರ್ಯಾದೆಯ ಗ್ರಾಮ' ಎಂಬುದು ಇದರ ಅರ್ಥ. ಇಲ್ಲಿ ಅಭಿಧೆಯೇ ಪ್ರಧಾನ. ಹೇಳಬೇಕಾದುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಧ್ವನಿಯನ್ನು ಮಾತ್ರ ಮೆಚ್ಚುವವರು ಇದನ್ನು ಕಡಿಮೆ ದರ್ಜೆಯದೆಂದಾರು. ಆದರೆ ಸ್ಥಳವನ್ನು ಸೇರಿಸಿ ಓದಿದಾಗ ಅರ್ಥವು ಬೇರೆಯಾಗುವುದು. ೨೦೦೧ರಲ್ಲಿ ನಗರಸಭೆಯು ಅವರಿಗೆ ತೋರಿಸಿದ ಜಾಗವು ಪೇಟೆಯಿಂದ ಸುಮಾರು ಏಳು ಮೈಲಿ ಆಚೆ, ವಿಮಾನನಿಲ್ದಾಣದ ಬಳಿ, ನಗರದ ಉದುರೆಲೆಗಳನ್ನು ತಂದು ಗೊಬ್ಬರಕ್ಕಾಗಿ ರಾಶಿಹಾಕುವ ಅಂಗಳ. ಎಲೆ ಕೊಳೆಯುವ ಎಡೆಯಲ್ಲಿ ಮರ್ಯಾದೆಯೆಂಬ ಫಲಕವನ್ನು ನಿಲ್ಲಿಸಿದುದರಿಂದ, ಬರಿಯ ವಾಚ್ಯವಾಗಿದ್ದ ಮಾತು ನಗರಕ್ಕೆ ಹಾಕಿದ ಪ್ರಶ್ನೆಯಾಯಿತು. ಇಷ್ಟರಲ್ಲಿ ಇದು ಒಳ್ಳೆಯ ಹೆಸರು.

'ಗ್ರಾಮ'ವೆಂಬ ಉತ್ತರಪದದಲ್ಲಿ ಮಾತ್ರ ಅಪಾಯವುಂಟು. ಗುಡಾರಗಳು ಕ್ರಮೇಣ ಹಲಗೆಯ ಚಿಕ್ಕ ಮನೆಗಳಾದುವು, ನಿವಾಸಿಗಳು ತಾವೇ ಆರಿಸಿದ ಸಭೆಯಿಂದ ವ್ಯವಹಾರವನ್ನು ನಡೆಸಿದರು, ೨೦೦೪ರಲ್ಲಿ ನಗರದ ಮಾನ್ಯತೆಯೂ ದೊರೆಯಿತು. ಇವು ಸಾಮಾನ್ಯವಾದ ಸಾಧನೆಗಳಲ್ಲ. ಆದರೂ ಮಾನ್ಯತೆಯ ಪತ್ರದಲ್ಲಿ ಅದು ಗ್ರಾಮವೆಂದಿರಲಿಲ್ಲ, ಶಿಬಿರಸ್ಥಳವೆಂದಿತ್ತು. ಶಿಬಿರವೆಂದು ಗೊತ್ತಿದ್ದೂ ಗ್ರಾಮವೆಂದು ಕರೆದುಕೊಂಡವರದು ರೂಪಕ. ಗ್ರಾಮವೇ ಆಯಿತೆಂದು ನಂಬಿ ಮನೆ ಕಟ್ಟಿಸುವ ಚಿಂತೆಯನ್ನು ಬಿಡುವ ಪೌರರು ಯಾರಾದರೂ ಇದ್ದರೆ ಅವರದು ಚಕೋರದ ಭ್ರಾಂತಿ.

ಅದೇ ನಗರದ ಮತ್ತೊಂದು ಬೀಡಿನ ಹೆಸರು ಶ್ಲೇಷಪ್ರಿಯರಿಗೆ ಹಬ್ಬ. ೨೦೧೧ರ ಅಕ್ಟೋಬರ್ ೧೦ರಂದು ಪೇಟೆಯ ನಡುವೆ, ಚೀನೀಯರ ಕೇರಿಯ ಮಹಾದ್ವಾರದ ಬಳಿಯ ಖಾಸಗಿ ನಿವೇಶನದಲ್ಲಿ ತೆರೆದ ಆ ವಿಶ್ರಾಂತಿಸ್ಥಳದ ಹೆಸರು ರೈಟ್ ಟು ಡ್ರೀಮ್ ಟೂ. ಮೊದಲನೆಯ 'ಟು' ಎಂಬಲ್ಲಿ ಅಕ್ಷರಗಳಿಗೆ ಬದಲಾಗಿ ೨ ಎಂಬ ಅಂಕಿಯನ್ನು ಬರೆಯುವರು. ಕೊನೆಯ 'ಟೂ' ಎಂಬುದು 'ಕೂಡ' ಎಂಬರ್ಥದ ಅವ್ಯಯ. ಸಂಕ್ಷೇಪಿಸಿದರೆ ಪ್ರಸಿದ್ಧ ಚಲಚ್ಚಿತ್ರವೊಂದರ ಯಂತ್ರಪುರುಷನ ಹೆಸರೂ ಕೇಳಿಸುವುದು. ಅದು ಮಕ್ಕಳಾಟ, ಅಲ್ಲಿಗೇ ಬಿಡಬಹುದು. ಸ್ವಾರಸ್ಯವಿರುವುದು ಆ ಅವ್ಯಯದಲ್ಲಿ. 'ಕನಸು ಕಾಣುವ ಹಕ್ಕು ನಮಗೂ ಉಂಟು' ಎಂದು ಕನ್ನಡಿಸಿದರೆ 'ನಮಗೂ' ಎಂಬಲ್ಲಿಯ ಊಕಾರವೊಂದೇ ಆ ಕೆಲಸವನ್ನೆಲ್ಲ ಮಾಡುವುದು. ಇತರರಿಗೆ ಬೇಡದೆಯೇ ದೊರೆತಿರುವುದನ್ನು ಇವರು ಬೇಡಬೇಕಾಗಿದೆಯೆಂಬುದು ಅದರ ವ್ಯಂಗ್ಯ. ಮೇಲಾಗಿ ಕನಸು ಕಾಣಬೇಕಾದರೆ ನಿದ್ದೆ ಬರಬೇಕು. ನಿದ್ದೆ ಬರಬೇಕಾದರೆ ನಡುರಾತ್ರಿಯಲ್ಲಿ ಯಾರೂ ಎಬ್ಬಿಸಿ ಅಟ್ಟದ ಒಂದು ಎಡೆ ಬೇಕು. ಕಾರ್ಯವನ್ನು ಹೇಳಿ ಕಾರಣವನ್ನು ಸೂಚಿಸುವ ಲಕ್ಷಣೆಯಿದು. ಬೀದಿಯಲ್ಲಿದ್ದ ಯಾರಾದರೂ ಬಂದು ಕೆಲವು ಗಂಟೆಗಳ ಕಾಲ ನಿರ್ಭಯವಾಗಿ ಮಲಗಿ ಹೋಗಲೆಂಬುದೇ ಅಲ್ಲಿಯ ಏರ್ಪಾಡಾಗಿತ್ತು.

ಆ ನಿವೇಶನಕ್ಕೆ ಬೇಲಿಯಾಗಿ ಹಳೆಯ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮೇಲೆ ಬಣ್ಣದ ಚಿತ್ರಗಳನ್ನು ಬರೆದಿದ್ದರು. ಮನೆಯಿಲ್ಲದ ಬಾಗಿಲು, ಬಾಗಿಲಿಲ್ಲದ ಜನ. ಎರಡೂ ಒಂದೆಡೆ ಸೇರಿದುವು. ನಗರದ ಕಚೇರಿಯಾದರೋ ಆ ಜಾಗಕ್ಕೆ ತನ್ನದೇ ಹೆಸರನ್ನಿಟ್ಟಿತು: ಪರವಾನಗಿಯಿಲ್ಲದ ವಿಹಾರಶಿಬಿರ. ಬೇಸಗೆಯ ರಜೆಯಲ್ಲಿ ಬೆಟ್ಟಕ್ಕೆ ಹೋಗಿ ಡೇರೆ ಹೂಡುವವರಿಗಾಗಿ ಮಾಡಿದ ವಿಧಿಯ ಪ್ರಕಾರ ಭೂಮಾಲಿಕರಿಗೆ ದಂಡವನ್ನು ವಿಧಿಸಲಾಯಿತು. ವ್ಯಾಜ್ಯವು ೨೦೧೩ರಲ್ಲಿ ರಾಜಿಯಾಯಿತು; ೨೦೧೭ರಲ್ಲಿ ಬೀಡು ನದಿಯ ಆಚೆಯ ಬದಿಗೆ ಹೋಯಿತು. ಕವಿಗಳಷ್ಟೇ ಉತ್ಪ್ರೇಕ್ಷೆ ಮಾಡುವರೆಂದು ತಿಳಿದವರು, ಗತಿಯಿಲ್ಲದೆ ಮಲಗಿದುದನ್ನು ವಿಹಾರವೆಂದ ಈ ಕಚೇರಿಯ ಭಾಷೆಯನ್ನು ಗಮನಿಸಬೇಕು.

ಹೀಗೆ ಹೆಸರಿಡುವುದರಲ್ಲಿ ಇನ್ನೊಂದು ಪಕ್ಷವೂ ಉಂಟೆಂದಾಯಿತು. ಅದು ಶಾಸನದ ಪಕ್ಷ. ಆರಿಗನ್ ಸಂಸ್ಥಾನದ ಗ್ರಾಂಟ್ಸ್ ಪಾಸ್ ಎಂಬ ಸುಮಾರು ೩೮,೦೦೦ ಜನರ ಪಟ್ಟಣದ ವಿಧಿಯಲ್ಲಿ, ತಾತ್ಕಾಲಿಕವಾಗಿ ವಾಸಿಸುವ ಉದ್ದೇಶದಿಂದ ಹಾಸಿಗೆಹೊದಿಕೆಯನ್ನು ಇಟ್ಟ ಯಾವ ಎಡೆಯೂ ಶಿಬಿರವೇ ಆಗಿತ್ತು. ಕಂಬಳಿಯೊಂದನ್ನು ಹಾಸಿದರೆ ಸಾಕು, ಶಿಬಿರವಾಯಿತು. ಆಗ ದಂಡ ೨೯೫ ಡಾಲರಾಗಿತ್ತು. ಅಪರಾಧವು ಮರುಕಳಿಸಿದರೆ ಕಾರಾಗೃಹದವರೆಗೂ ದಾರಿಯಿತ್ತು. ಮಲಗಲು ಆಶ್ರಯದಲ್ಲಿ ಜಾಗವಿಲ್ಲದಿರುವಾಗ ಹೊರಗೆ ಮಲಗಿದುದಕ್ಕಾಗಿ ದಂಡಿಸುವುದು ಕ್ರೂರವೆಂದು ೨೦೧೮ರಲ್ಲಿ ಬಾಯ್ಸಿ ನಗರದ ಮೊಕದ್ದಮೆಯಲ್ಲಿ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯವು ಹೇಳಿತ್ತು. ೨೦೨೪ರ ಜೂನ್ ೨೮ರಂದು ಗ್ರಾಂಟ್ಸ್ ಪಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆರಕ್ಕೆ ಮೂರರ ಬಹುಮತದಿಂದ ಆ ಅಭಿಪ್ರಾಯವನ್ನು ತಳ್ಳಿತು. ಬಹುಮತದವರ ದೃಷ್ಟಿಯಲ್ಲಿ ವಿಧಿಯು ನಿಷೇಧಿಸುವುದು ಶಿಬಿರ ಹೂಡುವ ಕ್ರಿಯೆಯನ್ನು. ಭಿನ್ನಾಭಿಪ್ರಾಯದವರ ದೃಷ್ಟಿಯಲ್ಲಿ ನಿದ್ರೆಯೆಂಬ ದೇಹಧರ್ಮವನ್ನು. ವಿವಾದದ ತಿರುಳೆಲ್ಲ ಒಂದು ಶಬ್ದದ ಅರ್ಥದಲ್ಲಿ ನಿಂತಿತು. ಒಂದೇ ಕಂಬಳಿಗೆ ಒಬ್ಬರು ಶಿಬಿರವೆಂದರು, ಇನ್ನೊಬ್ಬರು ಹಾಸಿಗೆಯೆಂದರು. ಹೆಸರಿನ ವಿಚಾರವು ಪಂಡಿತರ ಕಾಲಕ್ಷೇಪವೆಂದು ನಗುವವರಿಗೆ ಇದೇ ಉತ್ತರ.

ಇನ್ನು ಉಳಿದಿರುವುದು ಎಲ್ಲಕ್ಕಿಂತಲೂ ಅರ್ಥಗರ್ಭಿತವಾದ ಹೆಸರು. ವಾಷಿಂಗ್ಟನ್ ಸಂಸ್ಥಾನದ ರಾಜಧಾನಿಯಾದ ಒಲಿಂಪಿಯಾದಲ್ಲಿ, ಕಾಲುದಾರಿಗಳಲ್ಲಿ ಕುಳಿತಿರುವುದನ್ನು ತಡೆಯುವ ಹೊಸ ವಿಧಿಗೆ ವಿರೋಧವಾಗಿ, ೨೦೦೭ರ ಫೆಬ್ರವರಿ ೧ರಂದು ಪೇಟೆಯ ವಾಹನನಿಲುಗಡೆಯ ಅಂಗಳವೊಂದರಲ್ಲಿ ಗುಡಾರಗಳು ಎದ್ದುವು. ಅದರ ಹೆಸರು ಕ್ಯಾಂಪ್ ಕಿಹೋಟೆ. ಇಂಗ್ಲಿಷ್ ಪಾಠಪುಸ್ತಕಗಳ ಮೂಲಕ ಕ್ವಿಕ್ಸೋಟನೆಂದು ಪರಿಚಿತನಾದ, ಸ್ಪೇನಿನ ಸೆರ್ವಾಂಟೆಸ್ ಕವಿಯ ಕಥಾನಾಯಕನೇ ಈತ. ಆ ಗ್ರಂಥದ ಮೊದಲನೆಯ ಭಾಗ ೧೬೦೫ರಲ್ಲಿಯೂ ಎರಡನೆಯದು ೧೬೧೫ರಲ್ಲಿಯೂ ಪ್ರಕಟವಾದುವು. ವೀರಕಥೆಗಳನ್ನು ಓದಿಓದಿ ಬುದ್ಧಿ ಕದಡಿದ ಬಡ ಗೃಹಸ್ಥನೊಬ್ಬನು ತಾನೂ ವೀರನೆಂದು ಹೊರಟು, ಗಾಳಿಗಿರಣಿಗಳನ್ನು ರಾಕ್ಷಸರೆಂದೂ ಪಾಂಥಶಾಲೆಯನ್ನು ಕೋಟೆಯೆಂದೂ ಭ್ರಮಿಸುವ ಕಥೆ ಅದು. ಆತನು ಹೊರಡುವ ಮೊದಲು ಮಾಡುವ ಕೆಲಸವೇ ನಾಮಕರಣ. ಬಡಕಲು ಕುದುರೆಗೆ ಹೆಸರು ಹುಡುಕಲು ನಾಲ್ಕು ದಿನ, ತನಗೊಂದು ಹೆಸರು ಹುಡುಕಲು ಎಂಟು ದಿನ ತೆಗೆದುಕೊಳ್ಳುವನು. ಹೆಸರಿನಲ್ಲಿ ಇಷ್ಟು ಶ್ರದ್ಧೆಯಿದ್ದ ನಾಯಕನು ಸಾಹಿತ್ಯದಲ್ಲಿ ವಿರಳ.

ಈ ಹೆಸರಿನ ಮೊದಲ ಧ್ವನಿಯು ಎಲ್ಲರಿಗೂ ತಿಳಿಯುವಂತಹುದು: ಗೆಲ್ಲಲಾಗದ ಶಕ್ತಿಯೊಡನೆ ಬಡವರು ಹೂಡಿದ ಹೋರಾಟ. ಎರಡನೆಯದು ಸೂಕ್ಷ್ಮವಾದುದು. ಕಿಹೋಟೆಯೆಂದರೆ ಭ್ರಾಂತಿಮದಲಂಕಾರವೇ ಮೈವೆತ್ತಂತೆ. ತಮ್ಮ ಬೀಡಿಗೆ ಭ್ರಾಂತನ ಹೆಸರನ್ನೇ ಇಟ್ಟುಕೊಂಡವರು ತಾವು ಭ್ರಾಂತರಲ್ಲವೆಂಬುದನ್ನು ಸೂಚಿಸಿದಂತಾಯಿತು; ಪಾಂಥಶಾಲೆಯು ಕೋಟೆಯಲ್ಲವೆಂದು ತಿಳಿದವನು ಮಾತ್ರ ಹಾಗೆ ನಗಬಲ್ಲನು. ಗ್ರಾಮವೆಂಬ ಹೆಸರಿನಲ್ಲಿ ಇಲ್ಲದ ಎಚ್ಚರಿಕೆ ಈ ಹೆಸರಿನೊಳಗೇ ಉಂಟು.

ಈ ಧ್ವನಿಯನ್ನು ಪೂರ್ಣಗೊಳಿಸಿದುದು ಮತ್ತೊಂದು ನಾಮಕರಣ. ಪೋಲೀಸರು ಅಂಗಳದಿಂದ ಎಬ್ಬಿಸಿದ ಬಳಿಕ ಯೂನಿಟೇರಿಯನ್ ಸಭೆಯವರು ತಮ್ಮ ನೆಲದಲ್ಲಿ ಎಡೆಕೊಟ್ಟರು. ಅಲ್ಲಿಂದ ಮುಂದೆ ಬೀಡು ಒಂದು ಚರ್ಚಿನ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ತಿರುಗಿತು. ಮೊದಲು ತೊಂಬತ್ತು ದಿನಗಳಿಗೊಮ್ಮೆ ಕೀಳಬೇಕೆಂಬ ಕಟ್ಟಳೆಯಿತ್ತು. ಸುಮಾರು ಏಳು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಗುಡಾರಗಳನ್ನು ಕಿತ್ತು ಮತ್ತೆ ಹೂಡಿದರು. ಇವರಿಗೆ ನೆರವಾದ ಚರ್ಚುಗಳ ಸ್ವಯಂಸೇವಕರು ಕಟ್ಟಿಕೊಂಡ ಸಂಘದ ಹೆಸರು ಪಾಂಜಾ. ಸಾಂಚೋ ಪಾಂಜಾ ಕಿಹೋಟೆಯ ಪರಿಚಾರಕ. ಕತ್ತೆಯೇರಿ ಹಿಂಬಾಲಿಸುವ ಹಳ್ಳಿಗ. ಎದುರಿಗಿರುವುದು ರಾಕ್ಷಸನಲ್ಲ, ಗಾಳಿಗಿರಣಿಯೆಂದು ಕಂಡುದನ್ನು ಕಂಡಂತೆ ಹೇಳುವವನು. ಒಡೆಯನು ಬಿದ್ದಾಗ ಎತ್ತುವವನು. ಪರೋಪಕಾರಿಗಳ ಸಂಘಗಳು ತಮ್ಮನ್ನು ರಕ್ಷಕರೆಂದೂ ಉದ್ಧಾರಕರೆಂದೂ ಕರೆದುಕೊಳ್ಳುವುದು ಲೋಕರೂಢಿ. ಇವರು ತಮ್ಮನ್ನು ಪರಿಚಾರಕರೆಂದು ಕರೆದುಕೊಂಡು, ಗುಡಾರದವರನ್ನು ಒಡೆಯನ ಸ್ಥಾನದಲ್ಲಿ ಕೂರಿಸಿದರು. ಸೇವಾಧರ್ಮದ ಮೇಲೆ ಬರೆದ ದೀರ್ಘೋಪನ್ಯಾಸಗಳಿಗಿಂತ ಈ ಒಂದು ಹೆಸರು ಹೆಚ್ಚಿನದು.

ಪಾಂಜಾ ಮಾಡಿದ ಕೆಲಸವೂ ಹೆಸರಿಗೆ ತಕ್ಕುದು. ಥರ್ಸ್ಟನ್ ಕೌಂಟಿಯು ವರ್ಷಕ್ಕೆ ಒಂದು ಡಾಲರಿನಂತೆ ಗುತ್ತಿಗೆ ಕೊಟ್ಟ ಎರಡು ಎಕರೆಯಷ್ಟು ನೆಲದಲ್ಲಿ, ಸುಮಾರು ಮೂವತ್ತು ಲಕ್ಷ ಡಾಲರುಗಳ ವೆಚ್ಚದಿಂದ, ಮೂವತ್ತು ಪುಟ್ಟ ಮನೆಗಳು ಎದ್ದುವು. ಒಂದೊಂದು ೧೪೪ ಚದರ ಅಡಿ. ಒಳಗೆ ಶೌಚಗೃಹ, ನೀರಿನ ನಲ್ಲಿ. ಅಡಿಗೆ, ಸ್ನಾನ, ಬಟ್ಟೆ ಒಗೆಯುವುದು ಸಾಮಾನ್ಯ ಗೃಹದಲ್ಲಿ. ಬಾಡಿಗೆ ನಿವಾಸಿಯ ವರಮಾನದಲ್ಲಿ ನೂರಕ್ಕೆ ಮೂವತ್ತು. ೨೦೧೩ರ ಡಿಸೆಂಬರ್ ೨೪ರಂದು ಗುಡಾರದವರು ಅಲ್ಲಿಗೆ ಬಂದು ಸೇರಿದರು. ಕ್ಯಾಂಪ್ ಹೋಗಿ ಕಿಹೋಟೆ ವಿಲೇಜ್ ಎಂದಾಯಿತು. ಬಾಗಿಲೂ ಬೀಗವೂ ಇದ್ದುದರಿಂದ ಇಲ್ಲಿ ಗ್ರಾಮವೆಂಬ ಮಾತು ರೂಪಕವನ್ನು ದಾಟಿ ಅಭಿಧೆಯ ಹತ್ತಿರಕ್ಕೆ ಬಂದಿತು.

ಈ ಹೆಸರಿಗೂ ಒಂದು ದೋಷವನ್ನು ಎಣಿಸಬಹುದು. ಗುಡಾರಗಳ ಕಾಲದಲ್ಲಿ ನಿವಾಸಿಗಳು ತಮ್ಮ ಆಡಳಿತವನ್ನು ತಾವೇ ನಡೆಸುತ್ತಿದ್ದರು. ಮನೆಗಳಾದ ಮೇಲೆ ನಿವಾಸಿಗಳ ಸಭೆಯು ಉಳಿದರೂ, ಒಡೆತನವೂ ಲೆಕ್ಕಪತ್ರವೂ ಪಾಂಜಾದ ಕೈಯಲ್ಲಿ ನಿಂತುವು; ಮುಂದೆ ಆ ಸಂಘವು ತನ್ನ ಹೆಸರನ್ನು ಬಿಟ್ಟು ಕಿಹೋಟೆ ಕಮ್ಯುನಿಟೀಸ್ ಎಂದು ಒಡೆಯನ ಹೆಸರನ್ನೇ ತಾಳಿತು. ಪರಿಚಾರಕನು ಯಜಮಾನನಾದನು. ಗ್ರಂಥದ ಎರಡನೆಯ ಭಾಗದಲ್ಲಿಯೂ ಸಾಂಚೋ ಒಂದು ದ್ವೀಪದ ಅಧಿಕಾರಿಯಾಗುವನಷ್ಟೆ. ದೊಡ್ಡವರು ನಗೆಗಾಗಿ ಕೊಟ್ಟ ಆ ಅಧಿಕಾರವನ್ನು ಅವನು ಎಲ್ಲರೂ ಬೆರಗಾಗುವಂತೆ ನ್ಯಾಯದಿಂದ ನಡೆಸಿ, ಕೆಲವೇ ದಿನಗಳಲ್ಲಿ ತಾನಾಗಿ ಬಿಟ್ಟು ತನ್ನ ಕತ್ತೆಯ ಬಳಿಗೆ ಹಿಂದಿರುಗುವನು. ಸ್ವಯಂಸೇವಕರಾದವರೆಲ್ಲರೂ ಮನನ ಮಾಡತಕ್ಕ ಪ್ರಕರಣವದು. ಮೂವತ್ತು ಲಕ್ಷದ ಸೊತ್ತನ್ನು ನಡೆಸಲು ಸಂಘ ಬೇಕು, ಲೆಕ್ಕ ಬೇಕು, ಸಂಬಳದ ನೌಕರರು ಬೇಕು, ಇದು ನಿಜ. ಆದರೆ ಪಾಂಜಾ ಎಂಬ ಹೆಸರು ಪ್ರತಿದಿನವೂ ಕಾರ್ಯಕರ್ತರಿಗೆ ಅವರ ಸ್ಥಾನವನ್ನು ನೆನಪಿಸುತ್ತಿತ್ತು. ಅದನ್ನು ಬಿಟ್ಟುದರಿಂದ ನಷ್ಟವಾದುದು ಒಂದು ಶಬ್ದವಾದರೂ, ಅಷ್ಟು ಬೆಲೆಯ ಶಬ್ದಗಳು ಹೆಚ್ಚಾಗಿಲ್ಲ.

ಇಲ್ಲಿ ಪೂರ್ವಪಕ್ಷವು ಎರಡು ವಿಧ. ಮಳೆಯಲ್ಲಿ ನೆನೆಯುವವನಿಗೆ ಹೆಸರಿನಿಂದೇನು ಫಲ ಎಂಬುದು ಒಂದು. ಗುಡಾರಗಳಿಗೆ ಚೆಂದದ ಹೆಸರಿಟ್ಟು ಅನ್ನ ನೀರು ಒದಗಿಸುತ್ತ ಹೋದರೆ, ಮನೆ ಕಟ್ಟಿಸುವ ಭಾರದಿಂದ ನಗರಗಳು ತಪ್ಪಿಸಿಕೊಳ್ಳುವುವೆಂಬುದು ಇನ್ನೊಂದು. ಮೊದಲನೆಯದಕ್ಕೆ ಸಮಾಧಾನವಿದು: ಗ್ರಾಂಟ್ಸ್ ಪಾಸಿನಲ್ಲಿ ಕಂಬಳಿಗೆ ಬಿದ್ದ ಹೆಸರಿನಿಂದಲೇ ಜನರಿಗೆ ದಂಡ ಬಿದ್ದಿತು, ಕಚೇರಿಯ ಹೆಸರಿಗೆ ಅಷ್ಟು ಬಲವಿದ್ದ ಮೇಲೆ, ಜನರು ತಾವೇ ಇಟ್ಟುಕೊಂಡ ಹೆಸರಿಗೂ ಬಲವುಂಟೆಂದು ಒಪ್ಪಬೇಕು. ಹೆಸರಿಲ್ಲದ ಗುಡಾರಗಳು ಕಸದ ರಾಶಿಯಂತೆ ತೆಗೆಯಲ್ಪಡುವುವು. ಹೆಸರುಳ್ಳ ಬೀಡನ್ನು ಎಬ್ಬಿಸುವವನು ಕಾರಣವನ್ನು ಹೇಳಬೇಕಾಗುವುದು. ಎರಡನೆಯ ಆಕ್ಷೇಪವು ತೂಕವುಳ್ಳದು. ಅದಕ್ಕೆ ಸಮಾಧಾನವು ರೂಪಕಭ್ರಾಂತಿಗಳ ಭೇದದಲ್ಲಿಯೇ ಅಡಗಿದೆ. ನಗರವು ಗುಡಾರವನ್ನು ಗುಡಾರವೆಂದು ಅರಿತು ಸಹಿಸಿದರೆ ಅದು ಮನೆಯ ಕಡೆಗೆ ಒಂದು ಮೆಟ್ಟಲು. ಮನೆಯೆಂದು ಬಗೆದು ಸಹಿಸಿದರೆ ಅದೇ ಕೊನೆಯ ಮೆಟ್ಟಲು. ಸಹಾಯ ಮಾಡುವವರ ಕರ್ತವ್ಯವು ಗುಡಾರವನ್ನು ಹೂಡಿಕೊಡುವುದರೊಡನೆ, ಅದು ಗುಡಾರವೆಂದು ಹೇಳುತ್ತಲೇ ಇರುವುದು.

ಕನ್ನಡದ ಬೀಡು ಎಂಬ ಶಬ್ದವನ್ನು ಇಲ್ಲಿ ನೆನೆಯಬಹುದು. ಪಯಣದಲ್ಲಿ ಇಳಿದುಕೊಂಡ ತಾಣವೂ ಬೀಡು. ಅದೇ ಮಾತು ಅರಸನು ನೆಲಸಿದಾಗ ನೆಲೆವೀಡಾಗಿ ಶಾಸನಗಳಲ್ಲಿ ರಾಜಧಾನಿಯ ಪರ್ಯಾಯವಾಯಿತು. ಹಳೇಬೀಡಿನ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಬೀಡು ನೆಲೆವೀಡಾಗಲು ನಡುವೆ ಬೇಕಾದುದು ಆ 'ನೆಲೆ'ಯೊಂದೇ. ಅರಸನಿಗೆ ಅದನ್ನು ಕೊಡುವುದು ಅವನ ಭುಜಬಲ. ಬಡವನಿಗೆ ಕೊಡಬೇಕಾದುದು ಅವನ ನೆರೆಹೊರೆ.

ಒಟ್ಟಿನಲ್ಲಿ ಹೂವರ್‌ವಿಲ್ ನಿಕಲ್ಸ್‌ವಿಲ್‌ಗಳು ಅಂಬಿನಂತೆ ಹರಿತವಾದ, ಅಂಬಿನಂತೆಯೇ ಒಂದೇ ಗುರಿಯ ಹೆಸರುಗಳು. ಡಿಗ್ನಿಟಿ ವಿಲೇಜ್ ನೇರವಾದ, ಆದರೆ ತಪ್ಪುತಿಳಿವಳಿಕೆಗೆ ಎಡೆಯುಳ್ಳ ಹೆಸರು. ರೈಟ್ ಟು ಡ್ರೀಮ್ ಟೂ ಕೇಳಿದೊಡನೆ ರುಚಿಸುವ, ಯೋಚಿಸಿದಂತೆ ಕರುಣವಾಗುವ ಹೆಸರು. ಕಿಹೋಟೆ ಮತ್ತು ಪಾಂಜಾ ಜೋಡಿಯಾಗಿ ಓದಿದಾಗ ಇವೆಲ್ಲಕ್ಕೂ ಮಿಗಿಲಾದುವು. ಸೆರ್ವಾಂಟೆಸನ ನಾಯಕನು ಕಡೆಯಲ್ಲಿ ಭ್ರಮೆ ತಿಳಿದು, ತಾನಿಟ್ಟುಕೊಂಡ ಹೆಸರನ್ನು ಬಿಟ್ಟು, ಅಲೋನ್ಸೋ ಕಿಹಾನೋ ಎಂಬ ತನ್ನ ಹೆಸರಿನಿಂದ, ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ಕಣ್ಮುಚ್ಚುವನು. ಬೀದಿಯಲ್ಲಿ ಮಲಗುವವನು ಬಯಸುವುದೂ ಅಷ್ಟೆ: ತನ್ನ ಹೆಸರು, ತನ್ನ ಮನೆ, ತನ್ನ ಹಾಸಿಗೆ.